ಮನೆಗಾಡಿಯ ಜಲಯಾನ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಕೆನಡದ ಗಡಿಗೆ ಸಮೀಪವಾಗಿ, ಬೆಲಿಂಗ್‌ಹ್ಯಾಮ್ ಎಂಬ ರೇವುಪಟ್ಟಣವಿದೆ. ಅಲಾಸ್ಕಕ್ಕೆ ಹಡಗು ಹೊರಡುವ ದಿನ ಅಲ್ಲಿಯ ಕಟ್ಟೆಯ ಮೇಲೆ ನಿಂತು ನೋಡಿದರೆ ವಿಚಿತ್ರವಾದ ಮೆರವಣಿಗೆಯೊಂದು ಕಣ್ಣಿಗೆ ಬೀಳುತ್ತದೆ. ಕಾರುಗಳು, ಲಾರಿಗಳು, ಅವುಗಳ ನಡುನಡುವೆ ಬಸ್ಸಿನಷ್ಟು ದೊಡ್ಡದಾದ, ಕಿಟಕಿಗಳಿಗೆ ಪರದೆ ಕಟ್ಟಿದ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ಈ ದೊಡ್ಡ ವಾಹನಗಳ ಒಳಗೆ ಹಾಸಿಗೆಯುಂಟು, ಒಲೆಯುಂಟು, ಸ್ನಾನದ ಕೋಣೆಯುಂಟು, ನೀರಿನ ತೊಟ್ಟಿಯುಂಟು. ರಜೆಯ ದಿನಗಳಲ್ಲಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ದೇಶ ಸುತ್ತುವವರ ವಾಹನಗಳಿವು. ಮೋಟಾರ್ ಹೋಮ್, ಕ್ಯಾರವಾನ್ ಎಂದು ಇವುಗಳಿಗೆ ನಾನಾ ಹೆಸರುಗಳಿವೆ. ನಾವು ಸುಲಭವಾಗಿ ಮನೆಗಾಡಿ ಎನ್ನೋಣ.

ಮನೆಗಾಡಿಗೆ ಹಡಗಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಲಾಸ್ಕದ ರಾಜಧಾನಿ ಜೂನೋ. ಹೊರಗಿನಿಂದ ಈ ಊರಿಗೆ ಬರುವ ರಸ್ತೆಯೇ ಇಲ್ಲ! ಒಂದು ಕಡೆ ಹಿಮನದಿಗಳು, ಇನ್ನೊಂದು ಕಡೆ ಸಮುದ್ರ. ಅದೇ ಕರಾವಳಿಯಲ್ಲಿ ಹೇನ್ಸ್ ಮತ್ತು ಸ್ಕಾಗ್ವೆ ಎಂಬ ಎರಡು ಊರುಗಳಿವೆ. ನೀರಿನ ಮೇಲೆ ಅವುಗಳ ನಡುವಣ ದೂರ ಸುಮಾರು 25 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಕೆನಡದೊಳಕ್ಕೆ ಹೊಕ್ಕು ಬಳಸಿ ಬರಬೇಕಾಗಿ 560 ಕಿಲೋಮೀಟರಿಗೂ ಹೆಚ್ಚು. ಇಂತಹ ಕಡೆ ಜನರನ್ನೂ ಅವರ ವಾಹನಗಳನ್ನೂ ಒಟ್ಟಿಗೆ ಸಾಗಿಸುವ ಸರಕಾರಿ ಹಡಗುಗಳ ಸಂಚಾರ 1963ರಲ್ಲಿ ಆರಂಭವಾಯಿತು. ಅದಕ್ಕೆ ಇಟ್ಟ ಹೆಸರಿನ ಅರ್ಥ 'ಅಲಾಸ್ಕದ ಸಮುದ್ರ ಹೆದ್ದಾರಿ' ಎಂದು. ಹೆಸರು ತಕ್ಕುದಾಗಿಯೇ ಇದೆ.

ನಮ್ಮಲ್ಲಿಯೂ ಇಂತಹ ಸಂಗತಿ ಹೊಸದಲ್ಲ. ಪಶ್ಚಿಮ ಕರಾವಳಿಯ ಹೊಳೆಗಳಿಗೆ ಸೇತುವೆಗಳು ಬರುವ ಮೊದಲು, ಎರಡು ದೋಣಿಗಳನ್ನು ಒತ್ತಟ್ಟಿಗೆ ಜೋಡಿಸಿ ಮೇಲೆ ಹಲಗೆ ಹಾಸಿ, ಕಾರು ಬಸ್ಸುಗಳನ್ನು ಅದರ ಮೇಲೆ ನಿಲ್ಲಿಸಿ ದಾಟಿಸುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ಜಲಾಶಯವಾದ ಮೇಲೆ, ಸಾಗರ ತಾಲ್ಲೂಕಿನ ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಬಸ್ಸು ಜೀಪುಗಳ ಸಮೇತ ಜನರನ್ನು ಲಾಂಚ್ ದಾಟಿಸುತ್ತಿದ್ದುದನ್ನು ಅನೇಕ ವಾಚಕರು ಸ್ವತಃ ಕಂಡಿರಬಹುದು. ಅಲ್ಲಿ ಸೇತುವೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ.

ಹತ್ತು ಟನ್ ತೂಕದ ವಾಹನವೊಂದು ದೋಣಿಯನ್ನು ಏರಿದಾಗ ದೋಣಿ ಎಷ್ಟು ಮುಳುಗುತ್ತದೆ? ಆರ್ಕಿಮಿಡೀಸನ ತತ್ತ್ವವನ್ನು ಪ್ರೌಢಶಾಲೆಯಲ್ಲಿ ಓದಿದ ಯಾರಾದರೂ ಇದನ್ನು ಲೆಕ್ಕ ಹಾಕಬಹುದು. ಪೆಟ್ಟಿಗೆಯ ಆಕಾರದ ಚಪ್ಪಟೆ ಬಾರ್ಜೊಂದನ್ನು ತೆಗೆದುಕೊಳ್ಳೋಣ. ಉದ್ದ 30 ಮೀಟರ್, ಅಗಲ 10 ಮೀಟರ್. ತಳದ ವಿಸ್ತೀರ್ಣ 300 ಚದರ ಮೀಟರ್. ಹತ್ತು ಟನ್ ಭಾರವನ್ನು ಹೊರಬೇಕಾದರೆ ಬಾರ್ಜು ಇನ್ನೂ ಹತ್ತು ಟನ್ ನೀರನ್ನು, ಎಂದರೆ 10 ಘನ ಮೀಟರ್ ನೀರನ್ನು, ಪಕ್ಕಕ್ಕೆ ಸರಿಸಬೇಕು. ಹತ್ತನ್ನು ಮುನ್ನೂರರಿಂದ ಭಾಗಿಸಿದರೆ ಸುಮಾರು 3.3 ಸೆಂಟಿಮೀಟರ್. ಎರಡು ಬೆರಳಿನ ಅಗಲದಷ್ಟು ಮುಳುಗುವುದು, ಅಷ್ಟೇ. ಆದುದರಿಂದಲೇ ಇಂತಹ ಹಡಗುಗಳಲ್ಲಿ ಮನೆಗಾಡಿಗೆ ಸುಂಕವನ್ನು ಸಾಮಾನ್ಯವಾಗಿ ತೂಕದ ಮೇಲಲ್ಲ, ಉದ್ದದ ಮೇಲೆ ಗೊತ್ತುಮಾಡುತ್ತಾರೆ. ಹಡಗಿನವನಿಗೆ ಕೊರತೆಯಿರುವುದು ಹೊರುವ ಶಕ್ತಿಗಲ್ಲ, ನಿಲ್ಲಿಸುವ ಜಾಗಕ್ಕೆ. ಹಿಂದೆ ತೂಗುಹಾಕಿದ ಸೈಕಲ್ಲಿನ ಉದ್ದವನ್ನೂ ಸೇರಿಸಿ ಅಳೆಯುವುದನ್ನು ಕಂಡು ಪ್ರಯಾಣಿಕರು ಗೊಣಗುವುದುಂಟು. ಆದರೆ ಸೈಕಲ್ಲು ಆಕ್ರಮಿಸಿದ ಜಾಗದಲ್ಲಿ ಇನ್ನೊಂದು ವಾಹನವನ್ನು ನಿಲ್ಲಿಸಲಾಗದಷ್ಟೆ?

ಮುಳುಗುವ ಭಯ ಹೀಗೆ ತೀರಿತು. ಉಳಿದದ್ದು ಮಗುಚುವ ಭಯ. ಹರಿಗೋಲಿನಲ್ಲಿ ಕುಳಿತವರಿಗೆಲ್ಲ ಅಂಬಿಗ ಹೇಳುವ ಮೊದಲ ಮಾತು ನೆನಪಿರಬಹುದು: ಏಳಬೇಡಿ, ಒಂದೇ ಕಡೆ ಸೇರಬೇಡಿ. ಆತನಿಗೆ ಭೌತವಿಜ್ಞಾನ ಗೊತ್ತಿಲ್ಲದಿರಬಹುದು, ಆದರೆ ವಿಷಯ ಗೊತ್ತು. ತೇಲುವ ವಸ್ತುವಿನ ಮೇಲೆ ಎರಡು ಬಲಗಳು ವರ್ತಿಸುತ್ತವೆ. ಅದರ ತೂಕವು ಗುರುತ್ವಕೇಂದ್ರದ ಮೂಲಕ ಕೆಳಮುಖವಾಗಿ ಎಳೆಯುತ್ತದೆ. ನೀರಿನ ಒತ್ತಡವು, ಮುಳುಗಿದ ಭಾಗದ ಮಧ್ಯಬಿಂದುವಿನ ಮೂಲಕ, ಮೇಲ್ಮುಖವಾಗಿ ತಳ್ಳುತ್ತದೆ. ಹಡಗು ನೆಟ್ಟಗಿರುವಾಗ ಇವೆರಡೂ ಒಂದೇ ಲಂಬರೇಖೆಯಲ್ಲಿ ಇರುತ್ತವೆ. ಹಡಗು ಎಡಕ್ಕೆ ವಾಲಿದರೆ ಎಡಭಾಗ ಹೆಚ್ಚು ಮುಳುಗುತ್ತದೆ. ಮುಳುಗಿದ ಭಾಗದ ಮಧ್ಯಬಿಂದುವೂ ಎಡಕ್ಕೆ ಸರಿಯುತ್ತದೆ. ಆಗ ಅದರ ಮೂಲಕ ಮೇಲೇರುವ ಬಲವು ಹಡಗನ್ನು ಮತ್ತೆ ನೆಟ್ಟಗೆ ಎತ್ತುತ್ತದೆ. ಈ ಮೇಲ್ಮುಖ ಬಲದ ರೇಖೆಯು ಹಡಗಿನ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿರುವ ತನಕ ಹಡಗು ಸುರಕ್ಷಿತ. ಮೇಲೇರಿತೋ, ವಾಲಿದ ಹಡಗು ಮತ್ತಷ್ಟು ವಾಲುತ್ತದೆ.

ಮೆಟಾಸೆಂಟರಿನ ಎತ್ತರವನ್ನು ಕಂಡುಹಿಡಿಯುವ ಸೂತ್ರ ಬಹು ಸ್ವಾರಸ್ಯವಾದದ್ದು. ಪೆಟ್ಟಿಗೆಯಾಕಾರದ ದೋಣಿಗಾದರೆ, ಅಗಲದ ಘನವನ್ನು ಉದ್ದದಿಂದ ಗುಣಿಸಿ, 12ರಿಂದ ಭಾಗಿಸಿ, ಬಂದ ಮೊತ್ತವನ್ನು ದೋಣಿ ಪಕ್ಕಕ್ಕೆ ಸರಿಸಿದ ನೀರಿನ ಗಾತ್ರದಿಂದ ಭಾಗಿಸಬೇಕು. ನಮ್ಮ ಬಾರ್ಜು ವಾಹನಗಳೆಲ್ಲವೂ ಸೇರಿ 150 ಟನ್ ತೂಗುತ್ತದೆಂದು ಇಟ್ಟುಕೊಳ್ಳಿ. ಹತ್ತರ ಘನ ಸಾವಿರ; ಅದನ್ನು 30ರಿಂದ ಗುಣಿಸಿ 12ರಿಂದ ಭಾಗಿಸಿದರೆ 2500; ಅದನ್ನು 150ರಿಂದ ಭಾಗಿಸಿದರೆ ಸುಮಾರು 16.7 ಮೀಟರ್. ಮುಳುಗಿದ ಭಾಗದ ಮಧ್ಯಬಿಂದುವಿನಿಂದ ಅಷ್ಟು ಎತ್ತರದಲ್ಲಿ ಮೆಟಾಸೆಂಟರ್ ಇದೆ. ವಾಹನಗಳ ಸಮೇತ ಗುರುತ್ವಕೇಂದ್ರ ತಳದಿಂದ ಎರಡು ಮೀಟರ್ ಮೇಲಿದ್ದರೂ ಚಿಂತೆಯಿಲ್ಲ. ಹತ್ತು ಟನ್ನಿನ ಮನೆಗಾಡಿಯನ್ನು ನಡುವಿನಿಂದ 3 ಮೀಟರ್ ಪಕ್ಕಕ್ಕೆ ಸರಿಸಿದರೆ ಈ ಬಾರ್ಜು ವಾಲುವುದು ಒಂದು ಡಿಗ್ರಿಗೂ ಕಡಿಮೆ. ಅಗಲದ ಘನ ಎಂಬ ಮಾತನ್ನು ಗಮನಿಸಿ. ಅಗಲ ಇಮ್ಮಡಿಯಾದರೆ ಆ ಅಂಶ ಎಂಟು ಮಡಿಯಾಗುತ್ತದೆ. ಎರಡು ದೋಣಿಗಳನ್ನು ಜೋಡಿಸಿ ಬಸ್ಸನ್ನು ದಾಟಿಸುತ್ತಿದ್ದ ನಮ್ಮ ಅಂಬಿಗರ ಉಪಾಯದ ಗುಟ್ಟೂ ಈ ಅಗಲವೇ.

ಅಮೆರಿಕದ ಲೂಸಿಯಾನದಲ್ಲಿ 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಂತಹ ಚಪ್ಪಟೆ ಬಾರ್ಜುಗಳ ಮೇಲೆ ಮನೆಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ತಳ್ಳುದೋಣಿಯೊಂದರಿಂದ ನೂಕಿಸುತ್ತ, ನದಿ ಕಾಲುವೆಗಳಲ್ಲಿ ವಿಹಾರ ನಡೆಸುತ್ತಿದ್ದರು. ಪ್ರಯಾಣಿಕರು ತಮ್ಮ ಮನೆಗಾಡಿಯ ಹಾಸಿಗೆಯಲ್ಲೇ ಮಲಗಿ, ಬೆಳಗಾದರೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ದಡವನ್ನು ನೋಡುತ್ತ ಕುಳಿತಿರುತ್ತಿದ್ದರು. ಅಲೆಗಳಿಲ್ಲದ ನೀರಿಗೆ ಇದು ಸೊಗಸಾದ ಏರ್ಪಾಡು. ತೆರೆದ ಸಮುದ್ರದಲ್ಲಿ ಮಾತ್ರ ಈ ಆಟ ಸಲ್ಲದು.

ಸಮುದ್ರದ ಹಡಗಿನಲ್ಲಿ ಮೊದಲ ತೊಡಕು ಹತ್ತುವಾಗಲೇ. ವಾಹನವು ತನ್ನ ಚಕ್ರಗಳ ಮೇಲೆಯೇ ಒಳಗೆ ಹೋಗಿ ಹೊರಗೆ ಬರುವಂತೆ ಮಾಡುವ ಯೋಚನೆ ಹಳೆಯದು. ಸ್ಕಾಟ್ಲೆಂಡಿನ ಫೋರ್ತ್ ಅಳಿವೆಯಲ್ಲಿ 1850ರಲ್ಲಿಯೇ ರೈಲು ಬಂಡಿಗಳನ್ನು ಹಡಗಿನೊಳಕ್ಕೆ ಉರುಳಿಸಿ ದಾಟಿಸಲು ತೊಡಗಿದರು. ನೀರಿನ ಮಟ್ಟದೊಡನೆ ಹೊಂದಿಸಿಕೊಳ್ಳಬಹುದಾದ ಇಳಿಜಾರು ಹಾದಿಯನ್ನು ಅಲ್ಲಿ ಕಟ್ಟಿದವನು ತಾಮಸ್ ಬೌಚ್. (1879ರಲ್ಲಿ ಬಿರುಗಾಳಿಗೆ ರೈಲಿನ ಸಮೇತ ಕುಸಿದ ಟೇ ಸೇತುವೆಯೂ ಇವನದೇ. ಮನುಷ್ಯನ ಕೀರ್ತಿ ಎಂತಹುದಕ್ಕೆ ಅಂಟಿಕೊಳ್ಳುವುದೆಂದು ಹೇಳಲಾಗದು!) ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ನೇರವಾಗಿ ದಡಕ್ಕೆ ಇಳಿಸಲು ಮೂತಿ ತೆರೆಯುವ ಹಡಗುಗಳು ಬಂದವು. ಯುದ್ಧ ಮುಗಿದೊಡನೆ, 1946ರಲ್ಲಿ, ಅವುಗಳಲ್ಲಿ ಕೆಲವನ್ನು ಬಾಡಿಗೆಗೆ ಪಡೆದು ಇಂಗ್ಲೆಂಡಿನಿಂದ ಯೂರೋಪಿನ ನೆಲಕ್ಕೆ ಲಾರಿಗಳನ್ನು ಸಾಗಿಸಲಾರಂಭಿಸಿದರು.

ಆದರೆ ಸಮುದ್ರವು ದಿನಕ್ಕೆರಡು ಬಾರಿ ಉಬ್ಬಿ ಇಳಿಯುತ್ತದೆ. ಜೂನೋ ಇರುವ ಕರಾವಳಿಯಲ್ಲಿ ಉಬ್ಬರ ಇಳಿತಗಳ ಅಂತರ ಹಲವು ದಿನ ಐದು ಮೀಟರ್ ಇರುತ್ತದೆ. ದಡ ನಿಂತಲ್ಲಿಯೇ ನಿಂತಿರಲು ಹಡಗು ಮಾತ್ರ ಮೇಲೆ ಕೆಳಗೆ ಆಗುತ್ತದೆ. ನಡುವೆ 40 ಮೀಟರ್ ಉದ್ದದ ಕೀಲುಹಾದಿ ಇದೆಯೆನ್ನೋಣ. ಐದು ಮೀಟರ್ ಇಳಿತವಾದಾಗ ಅದರ ಏರು ಎಂಟಕ್ಕೆ ಒಂದು. ಕಾರಿಗೆ ಇದೇನೂ ದೊಡ್ಡದಲ್ಲ. ಮನೆಗಾಡಿಯ ವಿಷಯ ಬೇರೆ. ಅದರ ಹಿಂಭಾಗವು ಹಿಂದಿನ ಚಕ್ರಗಳನ್ನು ಮೀರಿ ಬಹಳ ದೂರ ಚಾಚಿರುತ್ತದೆ. ಚಾಚಿದ ಭಾಗ 3 ಮೀಟರ್, ನೆಲದಿಂದ ಅದರ ಎತ್ತರ 30 ಸೆಂಟಿಮೀಟರ್ ಎಂದಾದರೆ, ಹತ್ತಕ್ಕೆ ಒಂದರ ಏರಿಗೇ ಬಾಲ ನೆಲಕ್ಕೆ ತಾಗುತ್ತದೆ. ಎಂಟಕ್ಕೆ ಒಂದಾದರೆ ಕೊಳೆನೀರಿನ ಕೊಳವೆಯೋ ಕಿತ್ತುಬರಬೇಕು, ಇಲ್ಲವೆ ಗಾಡಿ ಸಿಕ್ಕಿಕೊಳ್ಳಬೇಕು. ಹಡಗಿನ ಆಳುಗಳು ಚಕ್ರದ ಕೆಳಗೆ ಹಲಗೆ ಕೊಟ್ಟು ಗಾಡಿಯನ್ನು ಎತ್ತರಿಸುತ್ತಾರೆ. ಅದೂ ಸಾಲದಿದ್ದರೆ ನೀರು ಏರುವವರೆಗೆ ಕಾಯಬೇಕು. ನಮ್ಮ ಶರಾವತಿಯಲ್ಲಿ ಉಬ್ಬರವಿಳಿತವಿಲ್ಲ. ಆದರೆ ಕೆಲವು ಬೇಸಿಗೆಗಳಲ್ಲಿ ಜಲಾಶಯ ಬಹಳ ಬತ್ತಿದಾಗ ಲಾಂಚ್ ಕಟ್ಟೆಯನ್ನು ಮುಟ್ಟಲಾರದೆ, ವಾಹನಗಳನ್ನು ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಗಿ ಬರುತ್ತಿತ್ತು. ಅಲ್ಲಿ ಕಾಯಬೇಕಾದದ್ದು ಆರು ತಾಸಲ್ಲ, ಮುಂಗಾರು ಬರುವವರೆಗೆ.

ಕಟ್ಟೆಯ ಎತ್ತರ, ಹಡಗಿನ ಎತ್ತರ ಇವೆರಡರ ಈ ಹೊಂದಾಣಿಕೆಯಿಂದಲೇ ಒಂದು ಘೋರ ದುರಂತದ ಕಥೆ ತೊಡಗುತ್ತದೆ.

1987ರ ಮಾರ್ಚ್ 6ರ ಸಂಜೆ, ಬೆಲ್ಜಿಯಮ್ಮಿನ ಜೀಬ್ರುಗ್ಗೆ ಬಂದರಿನಿಂದ ಇಂಗ್ಲೆಂಡಿನ ಡೋವರಿಗೆ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ವಾಹನನೌಕೆ ಹೊರಟಿತು. ಈ ಹಡಗಿನಲ್ಲಿ ವಾಹನಗಳಿಗೆ ಒಂದರ ಮೇಲೊಂದು ಅಂತಸ್ತುಗಳಿದ್ದವು. ಜೀಬ್ರುಗ್ಗೆಯ ಕಟ್ಟೆಯ ಹಾದಿ ಅಂದಿನ ಉಬ್ಬರದಲ್ಲಿ ಮೇಲಿನ ಅಂತಸ್ತನ್ನು ಮುಟ್ಟುತ್ತಿರಲಿಲ್ಲ. ಆದುದರಿಂದ ಹಡಗಿನ ಮುಂಭಾಗದ ತೊಟ್ಟಿಗಳಿಗೆ ನೀರು ತುಂಬಿ ಮೂತಿಯನ್ನು ತಗ್ಗಿಸಿದರು. ವಾಹನಗಳು ಏರಿದವು. ತೊಟ್ಟಿಯ ನೀರು ಪೂರ್ತಿ ಹೊರಬೀಳುವ ಮೊದಲೇ ಹಡಗು ಹೊರಟಿತು. ಮೂತಿಯ ಬಾಗಿಲನ್ನು ಮುಚ್ಚಬೇಕಾಗಿದ್ದವನು ತನ್ನ ಕೋಣೆಯಲ್ಲಿ ನಿದ್ರಿಸುತ್ತಿದ್ದ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬುದು ಮೇಲೆ ನಿಂತಿದ್ದ ನಾವಿಕನಿಗೆ ಕಾಣುವಂತಿರಲಿಲ್ಲ. ಹಡಗು ವೇಗವನ್ನು ಹೆಚ್ಚಿಸಿಕೊಂಡೊಡನೆ ಮೂತಿಯ ಮುಂದಿನ ಅಲೆ ಎತ್ತರವಾಗಿ ಎದ್ದು, ತಗ್ಗಿದ್ದ ತೆರೆದ ಬಾಗಿಲಿನ ಮೂಲಕ ವಾಹನಗಳ ಅಂತಸ್ತಿಗೆ ನುಗ್ಗಿತು. ಸುಮಾರು ಒಂದೂವರೆ ನಿಮಿಷದಲ್ಲಿ ಅಷ್ಟು ದೊಡ್ಡ ಹಡಗು ಪಕ್ಕಕ್ಕೆ ಉರುಳಿಬಿದ್ದಿತು. ಸತ್ತವರು 193 ಮಂದಿ. ಹಡಗು ಬಿದ್ದದ್ದು ಮರಳದಿಬ್ಬದ ಮೇಲೆ. ಆಳ ಇದ್ದಿದ್ದರೆ ಸಾವಿನ ಸಂಖ್ಯೆ ಎಷ್ಟಾಗುತ್ತಿತ್ತೋ!

ಇಷ್ಟು ಬೇಗ ಏಕೆ? ಇದಕ್ಕೆ ಉತ್ತರ ನಿಮ್ಮ ಅಡಿಗೆಮನೆಯಲ್ಲಿಯೇ ಇದೆ. ತುಂಬಿದ ತಂಬಿಗೆಯನ್ನು ಯಾರು ಬೇಕಾದರೂ ಚೆಲ್ಲದೆ ಒಯ್ಯಬಹುದು. ಅಗಲವಾದ ಹರಿವಾಣದಲ್ಲಿ ಒಂದು ಬೆರಳಿನಷ್ಟು ನೀರು ಹಾಕಿ ಅಂಗಳ ದಾಟಿ ನೋಡಿ. ಕೊಂಚ ವಾಲಿದರೆ ಸಾಕು, ನೀರೆಲ್ಲ ವಾಲಿದ ಕಡೆಗೇ ಓಡುತ್ತದೆ. ಓಡಿದ ನೀರಿನ ಭಾರದಿಂದ ಹರಿವಾಣ ಇನ್ನೂ ವಾಲುತ್ತದೆ. ವಾಹನನೌಕೆಯ ಅಂತಸ್ತು ಒಂದು ಮಹಾ ಹರಿವಾಣ. ಸಾಧಾರಣ ಹಡಗುಗಳ ಒಡಲನ್ನು ಅಡ್ಡಗೋಡೆಗಳು ಅಲ್ಲಲ್ಲಿ ವಿಭಾಗಿಸುತ್ತವೆ. ಇಲ್ಲಿ ವಾಹನಗಳು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡಬೇಕಾದ್ದರಿಂದ ಅಡ್ಡಗೋಡೆಗಳಿಗೆ ಎಡೆಯೇ ಇಲ್ಲ.

ನೀರಿನ ಈ ಪರಿಣಾಮವನ್ನು ಅಳೆಯುವ ಸೂತ್ರವು ಹಿಂದೆ ಕಂಡ ಅದೇ ಸೂತ್ರ. ಅಂತಸ್ತಿನ ಉದ್ದ 100 ಮೀಟರ್, ಅಗಲ 20 ಮೀಟರ್, ಹಡಗಿನ ತೂಕ 8000 ಟನ್ ಎಂದು ಭಾವಿಸಿ. ಇವು ಲೆಕ್ಕದ ಸೌಕರ್ಯಕ್ಕಾಗಿ ಆರಿಸಿಕೊಂಡ ಅಂಕಿಗಳು. ಇಪ್ಪತ್ತರ ಘನ 8000; ಅದನ್ನು 100ರಿಂದ ಗುಣಿಸಿ, 12ರಿಂದ ಭಾಗಿಸಿ, ಮತ್ತೆ 8000ದಿಂದ ಭಾಗಿಸಿದರೆ 8.3 ಮೀಟರಿಗೆ ಸಮೀಪ. ಅಂತಸ್ತಿನ ತುಂಬ ನೀರು ಹರಡಿಕೊಂಡರೆ ಗುರುತ್ವಕೇಂದ್ರವನ್ನು ಅಷ್ಟು ಮೇಲಕ್ಕೆ ಎತ್ತಿದಂತೆಯೇ ಸರಿ. ಮೆಟಾಸೆಂಟರಿಗೂ ಗುರುತ್ವಕೇಂದ್ರಕ್ಕೂ ನಡುವೆ ಇಂತಹ ಹಡಗಿನಲ್ಲಿ ಇರುವ ಅಂತರ ಎರಡು ಮೀಟರಿನ ಆಸುಪಾಸು! ಈ ಸೂತ್ರದಲ್ಲಿ ನೀರಿನ ಆಳದ ಪ್ರಸ್ತಾಪವೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೀರಿನ ಪದರ ತೀರ ತೆಳುವಾದರೆ ಅದೆಲ್ಲ ಒಂದು ಬದಿಗೆ ಸೇರಿದ ಮೇಲೆ ಪರಿಣಾಮ ಮಿತಿಗೊಳ್ಳುವುದು ನಿಜ. ಆದರೆ ಹತ್ತೇ ಸೆಂಟಿಮೀಟರ್ ನೀರೆಂದರೂ ಈ ಅಂತಸ್ತಿನ ಮೇಲೆ 200 ಟನ್ ಆಯಿತು, ಮತ್ತು ಆ 200 ಟನ್ ಸ್ವೇಚ್ಛೆಯಾಗಿ ಓಡಾಡಬಲ್ಲದು. ಹೊರಗಿನ ನೀರಿನ ಮೇಲೆ ಹಡಗನ್ನು ಕಾಪಾಡುವ ಅಗಲದ ಘನವೇ ಒಳಗೆ ನುಗ್ಗಿದ ನೀರಿನ ಪಾಲಿಗೆ ಬಂದಾಗ ಹಡಗನ್ನು ಕೊಲ್ಲುತ್ತದೆ. ಅಂತಸ್ತಿನ ನಡುವೆ ಉದ್ದಕ್ಕೆ ಒಂದೇ ಒಂದು ಗೋಡೆ ನಿಲ್ಲಿಸಿ ಲೆಕ್ಕ ಮಾಡಿ ನೋಡಿ, 8.3 ಮೀಟರ್ ಕಾಲುಭಾಗಕ್ಕೆ ಇಳಿಯುತ್ತದೆ.

ವಿಚಾರಣೆ ನಡೆಸಿದವರು ನಿದ್ರಿಸಿದ ಆ ಒಬ್ಬನ ಮೇಲೆಯೇ ತಪ್ಪೆಲ್ಲವನ್ನೂ ಹೊರಿಸಲಿಲ್ಲ. ಹಡಗನ್ನು ನಡೆಸುತ್ತಿದ್ದ ಸಂಸ್ಥೆ ಮೇಲಿನಿಂದ ಕೆಳಗಿನವರೆಗೆ ಅಜಾಗರೂಕವಾಗಿತ್ತೆಂದು ಹೇಳಿದರು. ಬಾಗಿಲು ಮುಚ್ಚಿದುದನ್ನು ತಿಳಿಸುವ ಸಣ್ಣ ದೀಪವೊಂದನ್ನು ಹಾಕಿಸಿಕೊಡಿರೆಂದು ಅದೇ ಸಂಸ್ಥೆಯ ಕಪ್ತಾನರು ಮೊದಲೇ ಕೇಳಿಕೊಂಡಿದ್ದರು. ಕೇಳಿಕೆ ಸಂದಿರಲಿಲ್ಲ. ದುರಂತದ ಅನಂತರ ಆ ದೀಪ ಅಂತರರಾಷ್ಟ್ರೀಯ ನಿಯಮವಾಯಿತು. ಆದರೂ 1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಸಮುದ್ರದಲ್ಲಿ 'ಎಸ್ಟೋನಿಯ' ಎಂಬ ನೌಕೆಯ ಮೂತಿಯ ಮುಚ್ಚಳವನ್ನೇ ಅಲೆಗಳು ಕಿತ್ತುಹಾಕಿದವು. 852 ಮಂದಿ ಸತ್ತರು. ಅಂತಸ್ತಿನ ಮೇಲೆ ಅರ್ಧ ಮೀಟರಿನವರೆಗೆ ನೀರು ನಿಂತರೂ ಹಡಗು ಮಗುಚದಿರಬೇಕೆಂದು ಉತ್ತರ ಯೂರೋಪಿನ ದೇಶಗಳು 1996ರಲ್ಲಿ ಒಪ್ಪಂದ ಮಾಡಿಕೊಂಡವು.

ಈಗ ನಮ್ಮ ಮನೆಗಾಡಿಗೆ ಹಿಂದಿರುಗೋಣ. ಅದನ್ನು ಹಡಗಿನೊಳಗೆ ನಿಲ್ಲಿಸಿದ ಮೇಲೆ ಗೇರಿನಲ್ಲಿಟ್ಟು, ಕೈಬ್ರೇಕನ್ನು ಎಳೆದು, ಚಕ್ರಕ್ಕೆ ಅಡ್ಡ ಕೊಡುತ್ತಾರೆ. ಸಮುದ್ರ ಕೆಡುವ ಸೂಚನೆಯಿದ್ದರೆ ಸರಪಣಿಯಿಂದ ನೆಲಕ್ಕೆ ಬಿಗಿಯುತ್ತಾರೆ. ಬ್ರೇಕು ಸಾಲದೇ ಎಂದರೆ, ಸಾಲದು. ಹಡಗು 20 ಡಿಗ್ರಿ ವಾಲಿದಾಗ ವಾಹನವು ತನ್ನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಬಲದಿಂದ ಪಕ್ಕಕ್ಕೆ ಜಾರಲು ಹವಣಿಸುತ್ತದೆ. ಎಣ್ಣೆ ನೀರುಗಳಿಂದ ಒದ್ದೆಯಾದ ಉಕ್ಕಿನ ಮೇಲೆ ರಬ್ಬರಿನ ಹಿಡಿತ ಅಷ್ಟೂ ಇಲ್ಲದಿರಬಹುದು. ಎತ್ತರವಾದ, ಮೆತ್ತನೆಯ ಸ್ಪ್ರಿಂಗುಗಳ ಮೇಲೆ ನಿಂತ ಮನೆಗಾಡಿ ಓಲಾಡುವುದೂ ಹೆಚ್ಚು. ಒಂದು ಜಾರಿದರೆ ಪಕ್ಕದ್ದನ್ನು ತಳ್ಳುತ್ತದೆ. ಜಾರಿದ ಭಾರದಿಂದ ಹಡಗು ಮತ್ತಷ್ಟು ವಾಲುತ್ತದೆ. ಹರಿವಾಣದ ನೀರಿನ ಕಥೆಯೇ ಮತ್ತೆ, ಈ ಸಲ ಉಕ್ಕಿನಲ್ಲಿ.

ಅಡಿಗೆಯ ಅನಿಲದ ಸಿಲಿಂಡರಿನ ಕವಾಟವನ್ನು ಮುಚ್ಚಬೇಕೆಂಬುದು ಇನ್ನೊಂದು ಕಟ್ಟುನಿಟ್ಟು. ಶೀತಪೆಟ್ಟಿಗೆಯೂ ಈ ಅನಿಲದಿಂದಲೇ ನಡೆಯುವುದುಂಟಾದ್ದರಿಂದ, ಒಂದೂವರೆ ದಿನದ ಪ್ರಯಾಣವಾದರೆ ಮಾಂಸ ಹಾಲುಗಳನ್ನು ಮಂಜುಗಡ್ಡೆಯಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಪ್ರಯಾಣಿಕರಿಗೆ ಇದು ಕಿರಿಕಿರಿ. ಆದರೆ ಪ್ರೊಪೇನ್ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗದೆ ನೀರಿನಂತೆ ಕೆಳಗೆ ಹರಿದು, ಮುಚ್ಚಿದ ಅಂತಸ್ತಿನ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಯಾವನಾದರೂ ಎಂಜಿನ್ ಚಾಲೂ ಮಾಡಿದಾಗ ಹಾರುವ ಒಂದು ಕಿಡಿ ಸಾಕು. ಹಡಗು ನಡೆಯುವಾಗ ವಾಹನಗಳ ಅಂತಸ್ತಿನಲ್ಲಿ ಜನರು ಇರಬಾರದೆಂಬ ನಿಯಮಕ್ಕೂ ಕಾರಣ ಬೆಂಕಿ ಮತ್ತು ನೀರು. ಅಲಾಸ್ಕದ ದೀರ್ಘ ಪ್ರಯಾಣಗಳಲ್ಲಿ ದಿನಕ್ಕೆ ಕೆಲವು ಬಾರಿ, ಗೊತ್ತಾದ ಸಮಯದಲ್ಲಿ, ಕೆಲವೇ ನಿಮಿಷ ಕೆಳಗಿಳಿದು ಹೋಗಲು ಬಿಡುತ್ತಾರೆ. ಆಗ ಗಾಡಿಯಲ್ಲಿ ಬಿಟ್ಟ ನಾಯಿಯನ್ನು ನೋಡಿಕೊಂಡು ಬರಬಹುದು.

ಇಟಲಿಗೂ ಗ್ರೀಸಿಗೂ ನಡುವೆ ಓಡಾಡುವ ಕೆಲವು ನೌಕೆಗಳಲ್ಲಿ ಮಾತ್ರ, ಬೇಸಿಗೆಯ ತಿಂಗಳುಗಳಲ್ಲಿ, ಮನೆಗಾಡಿಯವರು ತಮ್ಮ ಗಾಡಿಯಲ್ಲಿಯೇ ಮಲಗಬಹುದು. ಅಲ್ಲಿ ಈ ಗಾಡಿಗಳನ್ನು ನಿಲ್ಲಿಸುವುದು ಪಕ್ಕಗಳು ತೆರೆದಿರುವ ಅಂತಸ್ತಿನಲ್ಲಿ. ಸೋರಿದ ಅನಿಲವನ್ನು ಗಾಳಿ ಹೊಡೆದುಕೊಂಡು ಹೋಗುತ್ತದೆ. ದೀಪಕ್ಕೂ ಶೀತಪೆಟ್ಟಿಗೆಗೂ ಹಡಗಿನ ವಿದ್ಯುತ್ತನ್ನೇ ತಂತಿಯೆಳೆದು ಕೊಡುತ್ತಾರೆ. ಅನಿಲದ ಒಲೆಯನ್ನು ಹಚ್ಚಲು ಅಲ್ಲಿಯೂ ಅಪ್ಪಣೆಯಿಲ್ಲ. ಬೆಳಗಿನ ಕಾಫಿಗೆ ಹಡಗಿನ ಉಪಾಹಾರಗೃಹಕ್ಕೇ ಮೆಟ್ಟಲು ಹತ್ತಿ ಹೋಗಬೇಕು.